ಬಿ12 ಕಡಿಮೆಯಾದದ್ದು ಏಕೆ? ಪರ್ನಿಶಿಯಸ್ ಅನೀಮಿಯಾದ ಆಂಟಿಬಾಡಿ ಪರೀಕ್ಷೆ ಹೇಳುವುದು, ಹೇಳದಿರುವುದು

ರಕ್ತ ಪರೀಕ್ಷೆಯ ವರದಿಯಲ್ಲಿ ‘ವಿಟಮಿನ್ ಬಿ12: 112 ಪಿಕೋಗ್ರಾಂ/ಮಿಲಿ’ ಎಂದು ಬಂದರೆ ಮುಂದಿನದು ಹೆಚ್ಚು ಕಡಿಮೆ ಎಲ್ಲ ಊರಲ್ಲೂ ಒಂದೇ. ‘ಸಸ್ಯಾಹಾರಿಗಳಾ? ಹಾಗಾದ್ರೆ ಅದೇ ಕಾರಣ’ ಎಂಬ ಮಾತು, ಐದಾರು ಇಂಜೆಕ್ಷನ್, ಆಮೇಲೆ ಒಂದಿಷ್ಟು ದಿನ ಮಾತ್ರೆ. ಬಹಳ ಮಂದಿಗೆ ಇಷ್ಟು ಸಾಕಾಗುತ್ತದೆ, ಏಕೆಂದರೆ ನಮ್ಮಲ್ಲಿ ಬಿ12 ಕೊರತೆಗೆ ದೊಡ್ಡ ಕಾರಣ ಊಟವೇ. ಆದರೆ ಕೆಲವರಿಗೆ ಇಂಜೆಕ್ಷನ್ ನಿಲ್ಲಿಸಿದ ಕೆಲವು ತಿಂಗಳಲ್ಲಿ ಅಂಗಾಲಿನ ಜೋಮು ಮರಳಿ ಬರುತ್ತದೆ. ಇನ್ನು ಕೆಲವರು ದಿನಾ ಹಾಲು, ಮೊಸರು, ಮೊಟ್ಟೆ, ಮೀನು ತಿನ್ನುವವರು. ಅವರ ಬಿ12 ಕೂಡ ಪಾತಾಳದಲ್ಲಿರುತ್ತದೆ. ಇಂಥವರ ಚೀಟಿಯಲ್ಲಿ ಡಾಕ್ಟರು ಬರೆಯುವ ಪರೀಕ್ಷೆಗಳು ಎರಡು: ಇಂಟ್ರಿನ್ಸಿಕ್ ಫ್ಯಾಕ್ಟರ್ ಆಂಟಿಬಾಡಿ ಮತ್ತು ಪೆರೈಟಲ್ ಸೆಲ್ ಆಂಟಿಬಾಡಿ.

ಬಿ12 ಸಂಖ್ಯೆ ‘ಇದೆಯೋ ಇಲ್ಲವೋ’ ಎಂಬುದನ್ನಷ್ಟೇ ಹೇಳುತ್ತದೆ. ‘ಏಕೆ ಇಲ್ಲ’ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ಈ ಎರಡು ಪರೀಕ್ಷೆಗಳು: ಜಠರದ ತೊಂದರೆಯಿಂದ ಬಿ12 ಹೀರಿಕೆಯೇ ನಿಲ್ಲುವ ಪರ್ನಿಶಿಯಸ್ ಅನೀಮಿಯಾ ಎಂಬ ಕಾಯಿಲೆಯ ಸುಳಿವನ್ನು ಇವು ಹುಡುಕುತ್ತವೆ. ಉತ್ತರ ಸರಿಯಾಗಿ ಸಿಗಬೇಕಾದರೆ ಯಾರಿಗೆ ಮಾಡಬೇಕು, ಯಾವಾಗ ರಕ್ತ ಕೊಡಬೇಕು, ‘ನೆಗೆಟಿವ್’ ಎಂದರೆ ನಿಜಕ್ಕೂ ಏನು ಎನ್ನುವುದು ತಿಳಿದಿರಬೇಕು.

ಬಿ12 ದೇಹ ಸೇರುವ ದಾರಿ

ವಯಸ್ಕರಿಗೆ ದಿನಕ್ಕೆ ಬೇಕಾದ ಬಿ12 ಎರಡೂವರೆ ಮೈಕ್ರೋಗ್ರಾಂನ ಆಸುಪಾಸು. ಒಂದು ಗ್ರಾಂನ ಹತ್ತು ಲಕ್ಷದ ಒಂದು ಭಾಗವೇ ಒಂದು ಮೈಕ್ರೋಗ್ರಾಂ. ದೊಡ್ಡ ಲೋಟ ಹಾಲಿನಲ್ಲಿ ಸುಮಾರು ಒಂದು ಮೈಕ್ರೋಗ್ರಾಂ ಇರುತ್ತದೆ. ಇಷ್ಟು ಸಣ್ಣ ಪ್ರಮಾಣವನ್ನು ಆಹಾರದ ರಾಶಿಯಿಂದ ಹೆಕ್ಕಿ ತೆಗೆಯಲು ದೇಹ ಒಂದು ವಿಶೇಷ ಏರ್ಪಾಟು ಮಾಡಿಕೊಂಡಿದೆ.

ಬಿ12 ಅನ್ನು ಒಂದು ಪುಟ್ಟ ಮಗು ಎಂದುಕೊಳ್ಳಿ. ಹಾಲು, ಮೊಟ್ಟೆ, ಮಾಂಸದಲ್ಲಿ ಅದು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಜಠರದ ಆಮ್ಲ ಮತ್ತು ಪೆಪ್ಸಿನ್ ಎಂಬ ಕಿಣ್ವ ಅದನ್ನು ಬಿಡಿಸುತ್ತವೆ. ಬಿಡಿಸಿಕೊಂಡ ಕೂಡಲೇ ಎಂಜಲಿನಿಂದ ಬಂದ ಹ್ಯಾಪ್ಟೊಕೊರಿನ್ ಎಂಬ ಪ್ರೋಟೀನು ಅದನ್ನು ಎತ್ತಿಕೊಂಡು ಸಣ್ಣ ಕರುಳಿನ ಆರಂಭದ ತನಕ ತಲುಪಿಸುತ್ತದೆ. ಅಲ್ಲಿ ಮೇದೋಜೀರಕ ಗ್ರಂಥಿಯ ರಸ ಹ್ಯಾಪ್ಟೊಕೊರಿನ್‌ ಅನ್ನು ಕರಗಿಸುತ್ತದೆ. ಆಗ ಮಗುವಿನ ಕೈ ಹಿಡಿಯುವ ಪೋಷಕನೇ ಇಂಟ್ರಿನ್ಸಿಕ್ ಫ್ಯಾಕ್ಟರ್. ಈ ಪ್ರೋಟೀನು ಹುಟ್ಟುವುದು ಜಠರದ ಗೋಡೆಯಲ್ಲಿರುವ ಪೆರೈಟಲ್ ಕೋಶಗಳಲ್ಲಿ. ಆಮ್ಲವನ್ನು ಸುರಿಸುವುದೂ ಇದೇ ಕೋಶಗಳು.

ಇಬ್ಬರೂ ಕೈ ಹಿಡಿದುಕೊಂಡು ಹಲವು ಮೀಟರ್ ಉದ್ದದ ಸಣ್ಣ ಕರುಳನ್ನು ದಾಟಿ ಅದರ ಕೊನೆಯ ಭಾಗವಾದ ಇಲಿಯಮ್‌ಗೆ ಬರುತ್ತಾರೆ. ಅಲ್ಲಿನ ಬಾಗಿಲಲ್ಲಿ ಕ್ಯೂಬಿಲಿನ್ ಎಂಬ ಕಾವಲುಗಾರ. ಅವನು ನೋಡುವುದು ಮಗುವನ್ನಲ್ಲ, ಪೋಷಕನ ಗುರುತಿನ ಚೀಟಿಯನ್ನು. ಚೀಟಿ ಸರಿಯಿದ್ದರೆ ಇಬ್ಬರಿಗೂ ಒಳಗೆ ಪ್ರವೇಶ. ಪೋಷಕನಿಲ್ಲದೆ ಒಂಟಿಯಾಗಿ ಬಂದ ಬಿ12ನಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಮಾತ್ರ ಹೇಗೋ ಗೋಡೆಯಿಂದ ನುಸುಳಿ ಒಳಸೇರುತ್ತದೆ. (ಈ ಒಂದು ಪಾಲು ಚಿಕ್ಕದೆನಿಸಿದರೂ ಚಿಕಿತ್ಸೆಯ ವಿಷಯ ಬಂದಾಗ ಬಹಳ ಮುಖ್ಯವಾಗುತ್ತದೆ.)

ಯಕೃತ್ತಿನಲ್ಲಿ ಮುಖ್ಯವಾಗಿ ಕೂಡಿಟ್ಟ ಬಿ12 ದಾಸ್ತಾನು 2ರಿಂದ 5 ಮಿಲಿಗ್ರಾಂ. ಆದ್ದರಿಂದ ಹೀರಿಕೆ ನಿಂತುಹೋದರೂ ಕೊರತೆ ಮೇಲೆ ಕಾಣಲು ಕೆಲವು ವರ್ಷ ಹಿಡಿಯುತ್ತದೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಯಕೃತ್ತು ದಿನವೂ ಪಿತ್ತದ ಜೊತೆ ಒಂದಿಷ್ಟು ಬಿ12 ಅನ್ನು ಕರುಳಿಗೆ ಬಿಡುತ್ತದೆ, ಇಂಟ್ರಿನ್ಸಿಕ್ ಫ್ಯಾಕ್ಟರ್ ಅದನ್ನು ಮತ್ತೆ ಮನೆಗೆ ಕರೆತರುತ್ತದೆ. ಶುದ್ಧ ಸಸ್ಯಾಹಾರಿಯ ದೇಹದಲ್ಲಿ ಈ ಮರುಬಳಕೆ ನಡೆದೇ ಇರುವುದರಿಂದ ದಾಸ್ತಾನು ನಿಧಾನವಾಗಿ ಕರಗುತ್ತದೆ. ಪೋಷಕನೇ ಇಲ್ಲದವರಲ್ಲಿ ಒಳಗಿದ್ದದ್ದೂ ಸೋರಿಹೋಗುತ್ತದೆ.

ಪರ್ನಿಶಿಯಸ್ ಅನೀಮಿಯಾ ಎಂದರೆ

ನಮ್ಮ ರೋಗನಿರೋಧಕ ವ್ಯವಸ್ಥೆ ಸೋಂಕಿನ ವಿರುದ್ಧ ತಯಾರಿಸುವ ಪ್ರೋಟೀನುಗಳೇ ಆಂಟಿಬಾಡಿಗಳು ಅಥವಾ ಪ್ರತಿಕಾಯಗಳು. ಕೆಲವೊಮ್ಮೆ ಈ ವ್ಯವಸ್ಥೆ ದೇಹದ ಸ್ವಂತ ಭಾಗವನ್ನೇ ಪರಕೀಯವೆಂದು ಎಣಿಸುತ್ತದೆ. ಅದಕ್ಕೆ ಆಟೋಇಮ್ಯೂನ್ ಕಾಯಿಲೆ ಎಂದು ಹೆಸರು. ಪೆರೈಟಲ್ ಕೋಶಗಳ ಮೇಲೆ ಇಂಥ ದಾಳಿ ವರ್ಷಗಟ್ಟಲೆ ನಡೆದು ಜಠರದ ಮೇಲ್ಭಾಗ ಮತ್ತು ಮಧ್ಯಭಾಗದ ಒಳಪದರ ಸವೆದುಹೋಗುವುದು ಆಟೋಇಮ್ಯೂನ್ ಗ್ಯಾಸ್ಟ್ರೈಟಿಸ್. ಅದರ ಕೊನೆಯ ಹಂತದಲ್ಲಿ ಇಂಟ್ರಿನ್ಸಿಕ್ ಫ್ಯಾಕ್ಟರ್ ಸಿಗದೆ ಬಿ12 ಬರಿದಾಗಿ ಬರುವ ರಕ್ತಹೀನತೆಯೇ ಪರ್ನಿಶಿಯಸ್ ಅನೀಮಿಯಾ.

‘ಪರ್ನಿಶಿಯಸ್’ ಎಂದರೆ ಮಾರಕ. 1872ರಲ್ಲಿ ಆಂಟನ್ ಬೀರ್ಮರ್ ಈ ಹೆಸರಿಟ್ಟಾಗ ಅದು ಅಕ್ಷರಶಃ ನಿಜವಾಗಿತ್ತು, ರೋಗಿಗಳು ಉಳಿಯುತ್ತಿರಲಿಲ್ಲ. 1926ರಲ್ಲಿ ಬಾಸ್ಟನ್ನಿನ ಜಾರ್ಜ್ ಮೈನಾಟ್ ಮತ್ತು ವಿಲಿಯಂ ಮರ್ಫಿ ದಿನವೂ ಯಕೃತ್ತನ್ನು ತಿನ್ನಿಸಿ ರೋಗಿಗಳನ್ನು ಬದುಕಿಸಬಹುದೆಂದು ತೋರಿಸಿದರು. ಜಠರಕ್ಕೂ ಈ ಕಾಯಿಲೆಗೂ ಇರುವ ನಂಟನ್ನು ಬಿಡಿಸಿದವರು ಅದೇ ಊರಿನ ವಿಲಿಯಂ ಕ್ಯಾಸಲ್. ಆರೋಗ್ಯವಂತರ ಜಠರದಲ್ಲಿ ಅರೆ ಜೀರ್ಣವಾದ ಮಾಂಸವನ್ನು ಹೊರತೆಗೆದು ರೋಗಿಗಳಿಗೆ ಕೊಳವೆಯ ಮೂಲಕ ಕೊಟ್ಟಾಗ ರಕ್ತ ಚೇತರಿಸಿಕೊಂಡಿತು. ಬರೀ ಮಾಂಸ ಕೊಟ್ಟಾಗ ಏನೂ ಆಗಲಿಲ್ಲ. ಆಹಾರದಲ್ಲಿ ಇರುವುದು ಹೊರಗಿನ ಅಂಶ, ಜಠರ ಕೊಡುವುದು ಒಳಗಿನ ಅಂಶ ಎಂದು ಅವರು ತೀರ್ಮಾನಿಸಿದರು. ‘ಇಂಟ್ರಿನ್ಸಿಕ್’ ಎಂಬ ಪದ ಬಂದದ್ದು ಹಾಗೆ. ಹೊರಗಿನ ಅಂಶ ಬಿ12 ಎಂದು ತಿಳಿದದ್ದು ಅದು ಹರಳಾಗಿ ಕೈಗೆ ಸಿಕ್ಕ 1948ರ ನಂತರ.

ಇಂದು ಇಂಜೆಕ್ಷನ್ ಇರುವುದರಿಂದ ಇದು ಮಾರಕವಲ್ಲ. ತಡವಾದರೆ ಮಾತ್ರ ಹಾನಿ ಉಳಿಯುತ್ತದೆ. ಸುಸ್ತು, ಏದುಸಿರು, ನಾಲಿಗೆ ಕೆಂಪಾಗಿ ನುಣ್ಣಗಾಗಿ ಖಾರ ತಾಳಲಾಗದಂತಾಗುವುದು, ಚರ್ಮಕ್ಕೆ ತೆಳು ಹಳದಿ ಛಾಯೆ ಇವೆಲ್ಲ ಚಿಕಿತ್ಸೆಯಿಂದ ಹೋಗುತ್ತವೆ. ನರ, ಬೆನ್ನುಹುರಿ, ಮಿದುಳಿಗೆ ಆದ ಪೆಟ್ಟು, ಅಂದರೆ ಕಾಲಿನ ಜೋಮು, ಕತ್ತಲಲ್ಲಿ ಅಥವಾ ಕಣ್ಣು ಮುಚ್ಚಿ ಮುಖ ತೊಳೆಯುವಾಗ ತೂರಾಡುವುದು, ಮರೆವು, ಇವು ಬಹಳ ದಿನ ಉಳಿದಿದ್ದರೆ ಪೂರ್ತಿ ವಾಸಿಯಾಗದೇ ಇರಬಹುದು. ರಕ್ತಹೀನತೆ ಇಲ್ಲದೆಯೂ ನರದ ತೊಂದರೆ ಬರಬಹುದು. ಬರೀ ಫೋಲಿಕ್ ಆಸಿಡ್ ಮಾತ್ರೆ ನುಂಗಿದರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ಒಳಗೆ ನರದ ಹಾನಿ ಸಾಗಿಯೇ ಇರುತ್ತದೆ.

ಎರಡು ಆಂಟಿಬಾಡಿ, ಎರಡು ಬಗೆಯ ಸಾಕ್ಷ್ಯ

ಪೆರೈಟಲ್ ಸೆಲ್ ಆಂಟಿಬಾಡಿ ಗುರಿಯಿಡುವುದು ಪೆರೈಟಲ್ ಕೋಶದ ಆಮ್ಲ ಪಂಪಿಗೆ. ಗ್ಯಾಸ್ಟ್ರಿಕ್‌ಗೆ ಕೊಡುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮಾತ್ರೆಗಳು ತಡೆಯುವುದೂ ಇದೇ ಪಂಪನ್ನು. ಪರ್ನಿಶಿಯಸ್ ಅನೀಮಿಯಾ ಇರುವವರಲ್ಲಿ ನೂರಕ್ಕೆ 80–90 ಮಂದಿಯಲ್ಲಿ ಈ ಆಂಟಿಬಾಡಿ ಸಿಗುತ್ತದೆ. ಕೇಳಲು ಒಳ್ಳೆಯ ಪರೀಕ್ಷೆ ಅನ್ನಿಸುತ್ತದೆ. ತೊಡಕೆಂದರೆ ಕಾಯಿಲೆ ಇಲ್ಲದವರಲ್ಲೂ ಅದು ಸಿಗುತ್ತದೆ. ವಯಸ್ಸಾದ ಆರೋಗ್ಯವಂತರಲ್ಲಿ ನೂರಕ್ಕೆ ಹತ್ತರಷ್ಟು ಮಂದಿಯಲ್ಲಿ, ಆಟೋಇಮ್ಯೂನ್ ಥೈರಾಯ್ಡ್ ಕಾಯಿಲೆ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರಲ್ಲಿ, ಟೈಪ್ 1 ಮಧುಮೇಹಿಗಳಲ್ಲಿ ಕೂಡ.

ಇಂಟ್ರಿನ್ಸಿಕ್ ಫ್ಯಾಕ್ಟರ್ ಆಂಟಿಬಾಡಿಯ ಸ್ವಭಾವ ಇದಕ್ಕೆ ತದ್ವಿರುದ್ಧ. ಕಾಯಿಲೆ ಇಲ್ಲದವರಲ್ಲಿ ಅದು ತೀರಾ ಅಪರೂಪ. ಸರಿಯಾಗಿ ಮಾಡಿದ ಪರೀಕ್ಷೆಯಲ್ಲಿ ಸ್ಪಷ್ಟವಾಗಿ ಪಾಸಿಟಿವ್ ಬಂದು, ಬಿ12 ಕೊರತೆಯೂ ಇದ್ದರೆ ಪರ್ನಿಶಿಯಸ್ ಅನೀಮಿಯಾ ಎಂದು ಬಹುಮಟ್ಟಿಗೆ ಖಚಿತ. ಆದರೆ ಕಾಯಿಲೆ ಇರುವವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನರಲ್ಲಿ ಮಾತ್ರ ಅದು ಸಿಗುತ್ತದೆ. ಪರೀಕ್ಷಾ ವಿಧಾನವನ್ನು ಅವಲಂಬಿಸಿ ಈ ಪ್ರಮಾಣ ನೂರಕ್ಕೆ 40ರಿಂದ 70ರವರೆಗೆ ಬದಲಾಗುತ್ತದೆ.

ಇಂಟ್ರಿನ್ಸಿಕ್ ಫ್ಯಾಕ್ಟರ್ ಆಂಟಿಬಾಡಿಯಲ್ಲೇ ಎರಡು ಬಗೆ. ಟೈಪ್ 1, ತಡೆಯುವ ಆಂಟಿಬಾಡಿ: ಪೋಷಕನ ಕೈಯನ್ನೇ ಹಿಡಿದುಬಿಡುತ್ತದೆ, ಮಗುವಿಗೆ ಹಿಡಿಯಲು ಕೈ ಸಿಗುವುದಿಲ್ಲ. ಟೈಪ್ 2, ಅಂಟುವ ಆಂಟಿಬಾಡಿ: ಕೈಗೆ ತೊಂದರೆ ಕೊಡುವುದಿಲ್ಲ, ಬದಲು ಗುರುತಿನ ಚೀಟಿಯ ಮೇಲೆ ಕುಳಿತುಕೊಳ್ಳುತ್ತದೆ. ಪೋಷಕ ಮಗುವನ್ನು ಕರೆದುಕೊಂಡು ಬಾಗಿಲ ತನಕ ಬಂದರೂ ಕಾವಲುಗಾರ ಗುರುತು ಹಿಡಿಯಲಾರ. ಟೈಪ್ 1 ಹೆಚ್ಚು ಜನರಲ್ಲಿ ಕಾಣುತ್ತದೆ. ಟೈಪ್ 2 ಒಂದೇ ಇರುವುದು ಅಪರೂಪ, ಸಾಮಾನ್ಯವಾಗಿ ಟೈಪ್ 1ರ ಜೊತೆಗೇ ಇರುತ್ತದೆ.

ಲ್ಯಾಬಿನಲ್ಲಿ ನಡೆಯುವುದು

ರಕ್ತ ಕೊಡುವುದು ಸುಲಭ. ಕೆಂಪು ಅಥವಾ ಹಳದಿ ಮುಚ್ಚಳದ ಟ್ಯೂಬಿಗೆ 3–5 ಮಿಲಿ ರಕ್ತ. ಸುಮಾರು ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲೆ ನಿಲ್ಲುವ ಹಳದಿ ಬಣ್ಣದ ಸೀರಮ್ ತೆಗೆಯುತ್ತಾರೆ. ಆಂಟಿಬಾಡಿ ಪರೀಕ್ಷೆಗೆ ಖಾಲಿ ಹೊಟ್ಟೆ ಕಡ್ಡಾಯವಲ್ಲ. ಊರಿನ ಸಂಗ್ರಹ ಕೇಂದ್ರದಿಂದ ಬೆಂಗಳೂರಿನಂಥ ದೊಡ್ಡ ಲ್ಯಾಬಿಗೆ ಕಳಿಸುವಾಗ ಸೀರಮ್ ಬೇರ್ಪಡಿಸಿ 2–8 ಡಿಗ್ರಿ ತಂಪಿನಲ್ಲಿ ಇಡಬೇಕು. ರಕ್ತಕಣ ಒಡೆದು ಕೆಂಪಾದ ಸೀರಮ್, ಜಿಡ್ಡಿನಿಂದ ಹಾಲಿನಂತಾದ ಸೀರಮ್ ಬಂದರೆ ಲ್ಯಾಬ್ ಮತ್ತೊಮ್ಮೆ ರಕ್ತ ಕೇಳಬಹುದು. ಹಾಗೆ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ, ಅದು ಲ್ಯಾಬು ತನ್ನ ಕೆಲಸವನ್ನು ನೆಟ್ಟಗೆ ಮಾಡುತ್ತಿರುವ ಲಕ್ಷಣ.

ಪೆರೈಟಲ್ ಸೆಲ್ ಆಂಟಿಬಾಡಿಯ ಹಳೆಯ ಮತ್ತು ಇಂದಿಗೂ ಚಾಲ್ತಿಯಲ್ಲಿರುವ ವಿಧಾನ ಇಮ್ಯುನೊಫ್ಲೋರೆಸೆನ್ಸ್, ಅಂದರೆ ಹೊಳಪಿನ ವಿಧಾನ. ಇಲಿಯ ಜಠರದ ತೆಳು ಪದರವನ್ನು ಗಾಜಿನ ಸ್ಲೈಡಿನ ಮೇಲೆ ಇಟ್ಟಿರುತ್ತಾರೆ, ಪಕ್ಕದಲ್ಲೇ ಇಲಿಯ ಮೂತ್ರಪಿಂಡದ ಪದರವೂ ಇರುತ್ತದೆ. ರೋಗಿಯ ಸೀರಮ್ಮನ್ನು 1:20 ಅಥವಾ 1:40ರಷ್ಟು ತೆಳುಮಾಡಿ ಅದರ ಮೇಲೆ ಹಾಕಿ ಸುಮಾರು ಅರ್ಧ ಗಂಟೆ ಬಿಡುತ್ತಾರೆ. ಆಂಟಿಬಾಡಿ ಇದ್ದರೆ ಜಠರದ ಪೆರೈಟಲ್ ಕೋಶಗಳಿಗೆ ಅಂಟಿಕೊಳ್ಳುತ್ತದೆ. ಅಂಟದೆ ಉಳಿದದ್ದನ್ನು ತೊಳೆದು, ಮನುಷ್ಯನ ಆಂಟಿಬಾಡಿಯನ್ನು ಹುಡುಕಿ ಹಿಡಿಯುವ, ಹೊಳೆಯುವ ಬಣ್ಣ ಕಟ್ಟಿದ ಇನ್ನೊಂದು ಆಂಟಿಬಾಡಿಯನ್ನು ಹಾಕುತ್ತಾರೆ. ಮತ್ತೆ ತೊಳೆದು ವಿಶೇಷ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪೆರೈಟಲ್ ಕೋಶಗಳು ಹಸಿರಾಗಿ ಹೊಳೆಯುತ್ತವೆ.

ಮೂತ್ರಪಿಂಡದ ಪದರ ಏಕೆ? ಪೆರೈಟಲ್ ಕೋಶಗಳು ಹಗಲಿರುಳು ಆಮ್ಲ ಪಂಪ್ ಮಾಡುವ ಕೋಶಗಳು, ಹಾಗಾಗಿ ಅವುಗಳಲ್ಲಿ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಾ ತುಂಬಿರುತ್ತವೆ. ಮೈಟೊಕಾಂಡ್ರಿಯಾ ವಿರುದ್ಧದ ಬೇರೆಯದೇ ಆಂಟಿಬಾಡಿ (ಒಂದು ಬಗೆಯ ಯಕೃತ್ತಿನ ಕಾಯಿಲೆಯಲ್ಲಿ ಬರುವಂಥದ್ದು) ಇದ್ದರೂ ಜಠರದ ಪದರ ಹೊಳೆಯುತ್ತದೆ. ಆದರೆ ಆಗ ಮೂತ್ರಪಿಂಡದ ನಾಳಗಳೂ ಹೊಳೆಯುತ್ತವೆ. ಜಠರ ಮಾತ್ರ ಹೊಳೆದರೆ ಪೆರೈಟಲ್, ಎರಡೂ ಹೊಳೆದರೆ ಮೈಟೊಕಾಂಡ್ರಿಯಾ. ನೋಡುವವರ ಕಣ್ಣಿನ ಅನುಭವ ಇಲ್ಲಿ ಬಹಳ ಲೆಕ್ಕಕ್ಕೆ ಬರುತ್ತದೆ.

ಎರಡೂ ಆಂಟಿಬಾಡಿಗಳಿಗೆ ಬಳಕೆಯಲ್ಲಿರುವ ಇನ್ನೊಂದು ವಿಧಾನ ಎಲೈಸಾ. 96 ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ, ನಮ್ಮ ಪಡ್ಡಿನ ಹಂಚನ್ನು ನೆನಪಿಸುವಂಥದ್ದು. ಗುಳಿಯ ತಳಕ್ಕೆ ಇಂಟ್ರಿನ್ಸಿಕ್ ಫ್ಯಾಕ್ಟರ್ (ಅಥವಾ ಆಮ್ಲ ಪಂಪಿನ ಪ್ರೋಟೀನು) ಮೊದಲೇ ಬಳಿದಿರುತ್ತದೆ. ತೆಳುಮಾಡಿದ ಸೀರಮ್ ಹಾಕಿ ಬಿಟ್ಟು, ತೊಳೆದು, ಕಿಣ್ವ ಕಟ್ಟಿದ ಎರಡನೇ ಆಂಟಿಬಾಡಿ ಹಾಕಿ, ಮತ್ತೆ ತೊಳೆದು, ಕೊನೆಗೆ ಬಣ್ಣ ಬರುವ ರಾಸಾಯನಿಕ ಹಾಕುತ್ತಾರೆ. ಆಂಟಿಬಾಡಿ ಹೆಚ್ಚಿದ್ದಷ್ಟೂ ಬಣ್ಣ ಗಾಢ, ಅದನ್ನು ಯಂತ್ರ ಅಳೆಯುತ್ತದೆ. ತೊಳೆಯುವುದು ಅರೆಬರೆಯಾದರೆ ಅಂಟದ ಕಿಣ್ವ ಗುಳಿಯಲ್ಲೇ ಉಳಿದು ಸುಳ್ಳು ಬಣ್ಣ ಬರುತ್ತದೆ. ಅದಕ್ಕೇ ಪ್ರತಿ ತಟ್ಟೆಯಲ್ಲಿ ಖಚಿತ ಪಾಸಿಟಿವ್ ಮತ್ತು ಖಚಿತ ನೆಗೆಟಿವ್ ಮಾದರಿಗಳನ್ನು ಜೊತೆಗೆ ಓಡಿಸುತ್ತಾರೆ; ಅವು ತಪ್ಪಿದರೆ ಇಡೀ ತಟ್ಟೆಯ ಫಲಿತಾಂಶ ಕಸದ ಬುಟ್ಟಿಗೆ. ಎಲೈಸಾದಲ್ಲಿ ಟೈಪ್ 1, ಟೈಪ್ 2 ಎರಡೂ ಸಿಕ್ಕಿಬೀಳುತ್ತವೆ.

ಮೂರನೆಯದು ಪೈಪೋಟಿಯ ವಿಧಾನ. ಇದು ಟೈಪ್ 1 ಅನ್ನು ಮಾತ್ರ ಹಿಡಿಯುತ್ತದೆ. ತತ್ವ ಸರಳ: ಪ್ರಯೋಗನಳಿಕೆಯಲ್ಲಿ ಒಂದಿಷ್ಟು ಇಂಟ್ರಿನ್ಸಿಕ್ ಫ್ಯಾಕ್ಟರ್, ಅಂದರೆ ಖಾಲಿ ಕೈಯ ಪೋಷಕರು. ಅವರೊಡನೆ ರೋಗಿಯ ಸೀರಮ್. ಆಮೇಲೆ ಗುರುತು ಹಚ್ಚಿದ ಬಿ12, ಅಂದರೆ ಬಣ್ಣದ ಅಂಗಿ ತೊಟ್ಟ ಮಕ್ಕಳು. ಸೀರಮ್ಮಿನಲ್ಲಿ ಆಂಟಿಬಾಡಿ ಇಲ್ಲದಿದ್ದರೆ ಪೋಷಕರ ಕೈ ಖಾಲಿ, ಬಣ್ಣದ ಅಂಗಿಯ ಮಕ್ಕಳೆಲ್ಲ ಹೋಗಿ ಕೈ ಹಿಡಿಯುತ್ತಾರೆ. ಆಂಟಿಬಾಡಿ ಇದ್ದರೆ ಕೈಗಳು ಆಗಲೇ ಭರ್ತಿ, ಮಕ್ಕಳು ಹೊರಗೇ ಉಳಿಯುತ್ತಾರೆ. ಎಷ್ಟು ಮಂದಿ ಹೊರಗುಳಿದರು ಎಂದು ಎಣಿಸಿದರೆ ಆಂಟಿಬಾಡಿ ಎಷ್ಟಿದೆ ಎಂದು ತಿಳಿಯುತ್ತದೆ. ಹಿಂದೆ ಗುರುತಿಗೆ ವಿಕಿರಣಶೀಲ ಕೋಬಾಲ್ಟ್ ಬಳಸುತ್ತಿದ್ದರು, ಇಂದಿನ ಸ್ವಯಂಚಾಲಿತ ಯಂತ್ರಗಳಲ್ಲಿ ಬೆಳಕು ಸೂಸುವ ಗುರುತುಗಳಿವೆ.

ಇಂಜೆಕ್ಷನ್ ಮೊದಲಾದರೆ ಏನು ತಪ್ಪುತ್ತದೆ

ಈ ಕೈ ಹಿಡಿಯುವ ಲೆಕ್ಕ ಅರ್ಥವಾದರೆ ಎರಡು ದೊಡ್ಡ ತಪ್ಪುಗಳೂ ಅರ್ಥವಾಗುತ್ತವೆ.

ಮೊದಲನೆಯದು ನಮ್ಮಲ್ಲಿ ದಿನವೂ ಆಗುವಂಥದ್ದು. ಬಿ12 ಇಂಜೆಕ್ಷನ್ ತೆಗೆದುಕೊಂಡ ಮೂರನೇ ದಿನ ಇಂಟ್ರಿನ್ಸಿಕ್ ಫ್ಯಾಕ್ಟರ್ ಆಂಟಿಬಾಡಿಗೆ ರಕ್ತ ಕೊಟ್ಟರು ಎನ್ನಿ. 1000 ಮೈಕ್ರೋಗ್ರಾಂ ಇಂಜೆಕ್ಷನ್ ನಂತರ ರಕ್ತದಲ್ಲಿ ಬಿ12 ತುಂಬಿ ತುಳುಕುತ್ತಿರುತ್ತದೆ. ಪೈಪೋಟಿಯ ಪರೀಕ್ಷೆಯಲ್ಲಿ ಈ ಗುರುತಿಲ್ಲದ ಮಕ್ಕಳೇ ಮೊದಲು ಹೋಗಿ ಪೋಷಕರ ಕೈ ಹಿಡಿದುಬಿಡುತ್ತಾರೆ. ಬಣ್ಣದ ಅಂಗಿಯವರು ಹೊರಗುಳಿಯುತ್ತಾರೆ. ಕೈ ಹಿಡಿದದ್ದು ಆಂಟಿಬಾಡಿಯೋ ಬಿ12ನೋ ಎಂಬುದು ಯಂತ್ರಕ್ಕೆ ಗೊತ್ತಾಗುವುದಿಲ್ಲ, ‘ಪಾಸಿಟಿವ್’ ಎಂದು ಬರೆಯುತ್ತದೆ. ಇಲ್ಲದ ಕಾಯಿಲೆಯ ಹೆಸರು ಜೀವನಪೂರ್ತಿ ಬೆನ್ನಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದಲೇ ಲ್ಯಾಬುಗಳು ಇಂಜೆಕ್ಷನ್ ಆದ ಮೇಲೆ ಒಂದರಿಂದ ಎರಡು ವಾರ ಬಿಟ್ಟು ರಕ್ತ ಕೊಡಲು ಹೇಳುವುದು. ಎಲೈಸಾಕ್ಕೆ ಈ ತೊಂದರೆ ಅಷ್ಟಾಗಿ ತಟ್ಟುವುದಿಲ್ಲ, ಆದರೆ ನಿಮ್ಮ ಲ್ಯಾಬ್ ಯಾವ ವಿಧಾನ ಬಳಸುತ್ತದೆ ಎಂಬುದನ್ನು ಕೇಳಿಯೇ ತಿಳಿಯಬೇಕು.

ಹಾಗೆಂದು ಪರೀಕ್ಷೆಗಾಗಿ ಇಂಜೆಕ್ಷನ್ನನ್ನು ಮುಂದೂಡಬಾರದು, ಅದರಲ್ಲೂ ಜೋಮು, ತೂರಾಟ, ಮರೆವು ಇದ್ದರೆ. ದಾರಿ ಬಹಳ ಸುಲಭ: ಮೊದಲು ರಕ್ತ ತೆಗೆದು ಟ್ಯೂಬನ್ನು ಇಟ್ಟುಕೊಳ್ಳುವುದು, ಆ ಕ್ಷಣವೇ ಇಂಜೆಕ್ಷನ್ ಕೊಡುವುದು. ವರದಿ ಒಂದು ವಾರ ಬಿಟ್ಟು ಬಂದರೂ ಚಿಂತೆಯಿಲ್ಲ. ಈ ಐದು ನಿಮಿಷದ ಕ್ರಮ ತಪ್ಪುವುದರಿಂದ ಆಗುವ ಗೊಂದಲ ವರ್ಷಗಟ್ಟಲೆ ಕಾಡುತ್ತದೆ.

ಎರಡನೆಯ ತಪ್ಪು ಇನ್ನೂ ಸೂಕ್ಷ್ಮ, ಇನ್ನೂ ಅಪಾಯಕಾರಿ. ಬಿ12 ಮಟ್ಟವನ್ನು ಅಳೆಯುವ ಬಹುತೇಕ ಯಂತ್ರಗಳೂ ಇಂಟ್ರಿನ್ಸಿಕ್ ಫ್ಯಾಕ್ಟರನ್ನೇ ಬಳಸುತ್ತವೆ! ಅಲ್ಲಿ ಲೆಕ್ಕ ಉಲ್ಟಾ: ಬಣ್ಣದ ಅಂಗಿಯ ಮಕ್ಕಳು ಹೊರಗುಳಿದಷ್ಟೂ ರೋಗಿಯ ರಕ್ತದಲ್ಲಿ ಬಿ12 ಹೆಚ್ಚಿದೆ ಎಂದು ಯಂತ್ರ ತಿಳಿಯುತ್ತದೆ. ರೋಗಿಯ ಸೀರಮ್ಮಿನಲ್ಲಿ ಇಂಟ್ರಿನ್ಸಿಕ್ ಫ್ಯಾಕ್ಟರ್ ಆಂಟಿಬಾಡಿ ಬಲವಾಗಿದ್ದರೆ ಅದೇ ಕೈಗಳನ್ನು ಭರ್ತಿ ಮಾಡುತ್ತದೆ. ಯಂತ್ರ ‘ಬಿ12 ಸಾಕಷ್ಟಿದೆ’ ಎನ್ನುತ್ತದೆ. ಹಳೆಯ ವಿಧಾನದಲ್ಲಿ ಸೀರಮ್ಮನ್ನು ಕುದಿಸುತ್ತಿದ್ದರು, ಆಂಟಿಬಾಡಿ ಹಾಳಾಗುತ್ತಿತ್ತು. ಈಗ ಕುದಿಸುವ ಬದಲು ಕ್ಷಾರೀಯ ರಾಸಾಯನಿಕ ಹಾಕುತ್ತಾರೆ. ಬಲವಾದ ಆಂಟಿಬಾಡಿ ಅದರಲ್ಲಿ ಕೆಲವೊಮ್ಮೆ ಉಳಿದುಕೊಳ್ಳುತ್ತದೆ. ಪರ್ನಿಶಿಯಸ್ ಅನೀಮಿಯಾ ರೋಗಿಗಳ ಸೀರಮ್ಮಿನಲ್ಲಿ ಇಂಥ ಯಂತ್ರಗಳು ಹೀಗೆ ಎಡವುವುದನ್ನು 2012ರಲ್ಲಿ ಅಮೆರಿಕದ ಸಂಶೋಧಕರು ವರದಿ ಮಾಡಿದ್ದರು. ಅಂದರೆ ಯಾರನ್ನು ಹಿಡಿಯಬೇಕೋ ಅವರನ್ನೇ ಪರೀಕ್ಷೆ ಬಿಟ್ಟುಕೊಡುವ ಸಾಧ್ಯತೆ.

ಹಾಗಾಗಿ ಲಕ್ಷಣಗಳು ಅಚ್ಚುಕಟ್ಟಾಗಿ ಹೊಂದುತ್ತಿದ್ದು, ಕೆಂಪು ರಕ್ತಕಣಗಳು ದೊಡ್ಡದಾಗಿದ್ದು (ವರದಿಯಲ್ಲಿ ಎಂಸಿವಿ 100ಕ್ಕಿಂತ ಹೆಚ್ಚು), ಬಿ12 ಮಾತ್ರ ‘ನಾರ್ಮಲ್’ ಎಂದು ಬಂದರೆ ಅಲ್ಲಿಗೆ ಮುಗಿಸಬಾರದು. ಮೀಥೈಲ್ ಮಲೋನಿಕ್ ಆಸಿಡ್ ಪರೀಕ್ಷೆ ಇಲ್ಲಿ ನೆರವಿಗೆ ಬರುತ್ತದೆ. ಬಿ12 ಇಲ್ಲದೆ ಕೋಶದೊಳಗೆ ಕೆಲಸ ನಿಂತಾಗ ಈ ವಸ್ತು ರಕ್ತದಲ್ಲಿ ಏರುತ್ತದೆ, ಇದರ ಅಳತೆಗೆ ಇಂಟ್ರಿನ್ಸಿಕ್ ಫ್ಯಾಕ್ಟರ್ ಬೇಕಿಲ್ಲ. ಕಿಡ್ನಿ ತೊಂದರೆ ಇದ್ದವರಲ್ಲಿ ಬಿ12 ಕೊರತೆ ಇಲ್ಲದೆಯೂ ಅದು ಹೆಚ್ಚಿರಬಹುದು ಎಂಬುದು ನೆನಪಿರಲಿ.

ಕೂದಲು, ಉಗುರಿಗೆಂದು ಬಯೋಟಿನ್ ಮಾತ್ರೆ ನುಂಗುವವರಿಗೂ ಒಂದು ಮಾತು. ಅನೇಕ ಯಂತ್ರಗಳು ತಮ್ಮ ಜೋಡಣೆಗೆ ಬಯೋಟಿನ್‌ ಅನ್ನೇ ಕೊಂಡಿಯಾಗಿ ಬಳಸುತ್ತವೆ. ದಿನಕ್ಕೆ 5–10 ಮಿಲಿಗ್ರಾಂ ನುಂಗುತ್ತಿದ್ದರೆ ಆ ಕೊಂಡಿ ತಪ್ಪಿ ಫಲಿತಾಂಶ ಏರುಪೇರಾಗಬಹುದು. ಎಷ್ಟು ದಿನ ನಿಲ್ಲಿಸಬೇಕೆಂದು ರಕ್ತ ಕೊಡುವ ಮೊದಲೇ ಲ್ಯಾಬಿನಲ್ಲಿ ವಿಚಾರಿಸಿ.

ನೆಗೆಟಿವ್ ಎಂದರೆ ‘ಇಲ್ಲ’ ಎಂದಲ್ಲ

ಇಂಟ್ರಿನ್ಸಿಕ್ ಫ್ಯಾಕ್ಟರ್ ಆಂಟಿಬಾಡಿ ನೆಗೆಟಿವ್ ಬಂದ ಕೂಡಲೇ ‘ನಿಮಗೆ ಪರ್ನಿಶಿಯಸ್ ಅನೀಮಿಯಾ ಇಲ್ಲ’ ಎಂದು ಹೇಳುವುದು ತಪ್ಪು. ಬಾಗಿಲು ತಟ್ಟಿದಾಗ ಯಾರೂ ಓಗೊಡದಿದ್ದರೆ ಮನೆಯಲ್ಲಿ ಯಾರೂ ಇಲ್ಲ ಎಂದೇ ಅರ್ಥವಲ್ಲವಲ್ಲ. ಆಂಟಿಬಾಡಿಯ ಪ್ರಮಾಣ ಯಂತ್ರದ ಹಿಡಿತಕ್ಕಿಂತ ಕಡಿಮೆ ಇರಬಹುದು. ಅದು ರಕ್ತದಲ್ಲಿ ಇಲ್ಲದೆ ಜಠರ ರಸದಲ್ಲಿ ಮಾತ್ರ ಇರಬಹುದು. ಪೈಪೋಟಿಯ ಪರೀಕ್ಷೆಗೆ ಟೈಪ್ 2 ಕಾಣಿಸದೇ ಹೋಗಿರಬಹುದು. ಪೆರೈಟಲ್ ಸೆಲ್ ಆಂಟಿಬಾಡಿಯ ವಿಷಯದಲ್ಲಿ ಇನ್ನೊಂದು ಕಾರಣವಿದೆ: ಕೋಶಗಳೆಲ್ಲ ನಾಶವಾಗಿ ದಾಳಿಗೆ ಗುರಿಯೇ ಉಳಿಯದಿದ್ದಾಗ ಆಂಟಿಬಾಡಿಯೂ ಇಳಿಯುತ್ತಾ ಹೋಗುತ್ತದೆ. ಕಾಯಿಲೆ ತೀರಾ ಹಳೆಯದಾದವರಲ್ಲಿ ವರದಿ ನೆಗೆಟಿವ್ ಬರುವುದು ಹೀಗೆ.

ಬ್ರಿಟನ್ನಿನ ನೈಸ್ ಸಂಸ್ಥೆ 2024ರ ಮಾರ್ಚಿನಲ್ಲಿ ಹೊರತಂದ ಬಿ12 ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಆಟೋಇಮ್ಯೂನ್ ಗ್ಯಾಸ್ಟ್ರೈಟಿಸ್ ಸಂಶಯವಿದ್ದರೆ ಮೊದಲು ಇಂಟ್ರಿನ್ಸಿಕ್ ಫ್ಯಾಕ್ಟರ್ ಆಂಟಿಬಾಡಿ. ಅದು ನೆಗೆಟಿವ್ ಬಂದೂ ಸಂಶಯ ಹೋಗದಿದ್ದರೆ ಪೆರೈಟಲ್ ಸೆಲ್ ಆಂಟಿಬಾಡಿ, ಗ್ಯಾಸ್ಟ್ರಿನ್ ಮಟ್ಟ, ಎಂಡೋಸ್ಕೋಪಿಯಂಥ ಮುಂದಿನ ಪರೀಕ್ಷೆಗಳನ್ನು ಪರಿಗಣಿಸಬೇಕು.

ಗ್ಯಾಸ್ಟ್ರಿನ್ ಎಂದರೆ ‘ಆಮ್ಲ ಸುರಿಸು’ ಎಂದು ಜಠರಕ್ಕೆ ಹೇಳುವ ಹಾರ್ಮೋನು. ಪೆರೈಟಲ್ ಕೋಶಗಳು ಸತ್ತು ಆಮ್ಲ ಬಾರದೇ ಹೋದಾಗ ದೇಹ ಗಟ್ಟಿಯಾಗಿ, ಇನ್ನೂ ಗಟ್ಟಿಯಾಗಿ ಕೂಗುತ್ತದೆ; ಗ್ಯಾಸ್ಟ್ರಿನ್ ಬಹಳ ಏರುತ್ತದೆ. ಇದಕ್ಕೆ ಖಾಲಿ ಹೊಟ್ಟೆ ಬೇಕು. ಪ್ಯಾಂಟೊಪ್ರಜೋಲ್ ಜಾತಿಯ ಮಾತ್ರೆಗಳೂ ಆಮ್ಲ ಇಳಿಸಿ ಗ್ಯಾಸ್ಟ್ರಿನ್ ಏರಿಸುತ್ತವೆ, ಅದಕ್ಕೆ ಅವನ್ನು ಮೊದಲೇ ನಿಲ್ಲಿಸಬೇಕೇ ಎಂದು ಡಾಕ್ಟರನ್ನು ಕೇಳಬೇಕು.

ಎಂಡೋಸ್ಕೋಪಿಯಲ್ಲಿ ಜಠರದ ಮಧ್ಯಭಾಗದಿಂದ ಮತ್ತು ಕೆಳತುದಿಯಿಂದ ಚೂರುಗಳನ್ನು ತೆಗೆದು ಬೇರೆ ಬೇರೆ ಡಬ್ಬಿಯಲ್ಲಿ ಕಳಿಸಬೇಕು. ಒಂದೇ ಡಬ್ಬಿಗೆ ಹಾಕಿದರೆ ಮುಖ್ಯವಾದ ಸುಳಿವೇ ಕಳೆದುಹೋಗುತ್ತದೆ: ಆಟೋಇಮ್ಯೂನ್ ಗ್ಯಾಸ್ಟ್ರೈಟಿಸ್‌ನಲ್ಲಿ ಮಧ್ಯಭಾಗ ಸವೆದಿರುತ್ತದೆ, ಕೆಳತುದಿ ಬಹುಮಟ್ಟಿಗೆ ಉಳಿದಿರುತ್ತದೆ.

ಹಿಂದೆ ಶಿಲ್ಲಿಂಗ್ ಪರೀಕ್ಷೆ ಎಂಬುದಿತ್ತು, 1950ರ ದಶಕದ್ದು. ವಿಕಿರಣಶೀಲ ಬಿ12 ಕುಡಿಸಿ 24 ಗಂಟೆಯ ಮೂತ್ರ ಸಂಗ್ರಹಿಸಿ, ಮತ್ತೆ ಇಂಟ್ರಿನ್ಸಿಕ್ ಫ್ಯಾಕ್ಟರ್ ಜೊತೆ ಕೊಟ್ಟು ಹೋಲಿಸುತ್ತಿದ್ದರು. ಹೀರಿಕೆಯನ್ನೇ ನೇರವಾಗಿ ಅಳೆಯುವ ಪರೀಕ್ಷೆ ಅದು. ಸಾಮಗ್ರಿ ಸಿಗದೆ ಅದು ಬಳಕೆಯಿಂದ ಮರೆಯಾಯಿತು. ಆ ಜಾಗವನ್ನು ಆಂಟಿಬಾಡಿ ಪರೀಕ್ಷೆಗಳು ಪೂರ್ತಿಯಾಗಿ ತುಂಬಿಲ್ಲ.

ಯಾರಿಗೆ ಮಾಡಿಸಬೇಕು ಎಂಬ ಲೆಕ್ಕ

ಬಿ12 ಕಡಿಮೆ ಇರುವ ಎಲ್ಲರಿಗೂ ಮಾಡಿಸಿದರೆ ಏನಾಗುತ್ತದೆ? ಲೆಕ್ಕ ಅರ್ಥವಾಗಲೆಂದು ಕೆಲವು ಕಾಲ್ಪನಿಕ ಸಂಖ್ಯೆಗಳನ್ನು ಇಟ್ಟುಕೊಳ್ಳೋಣ. ಬಿ12 ಕಡಿಮೆ ಇರುವ 1000 ಜನ. ಅವರಲ್ಲಿ 50 ಮಂದಿಗೆ ನಿಜವಾಗಿ ಪರ್ನಿಶಿಯಸ್ ಅನೀಮಿಯಾ, ಉಳಿದ 950 ಮಂದಿಗೆ ಊಟದ ಕೊರತೆ ಅಥವಾ ಬೇರೆ ಕಾರಣ.

ಪೆರೈಟಲ್ ಸೆಲ್ ಆಂಟಿಬಾಡಿ 50ರಲ್ಲಿ 40 ಮಂದಿಯನ್ನು ಹಿಡಿಯುತ್ತದೆ ಎನ್ನಿ. ಕಾಯಿಲೆ ಇಲ್ಲದವರಲ್ಲಿ ನೂರಕ್ಕೆ ಹತ್ತು ಮಂದಿಯಲ್ಲಿ ಅದು ಇದ್ದರೆ, 950ರಲ್ಲಿ 95 ಮಂದಿಗೆ ಸುಳ್ಳು ಪಾಸಿಟಿವ್. ಒಟ್ಟು 135 ಪಾಸಿಟಿವ್‌ಗಳಲ್ಲಿ ನಿಜವಾದವು 40 ಮಾತ್ರ, ಅಂದರೆ ನೂರಕ್ಕೆ 30. ಇಂಟ್ರಿನ್ಸಿಕ್ ಫ್ಯಾಕ್ಟರ್ ಆಂಟಿಬಾಡಿ ಅರ್ಧದಷ್ಟು, ಅಂದರೆ 25 ಮಂದಿಯನ್ನು ಹಿಡಿಯುತ್ತದೆ. ಕಾಯಿಲೆ ಇಲ್ಲದ ನೂರರಲ್ಲಿ ಒಬ್ಬರಿಗೆ ತಪ್ಪಿದರೂ ಸುಳ್ಳು ಪಾಸಿಟಿವ್ ಹತ್ತರ ಹತ್ತಿರ. 35ರಲ್ಲಿ 25 ನಿಜ, ನೂರಕ್ಕೆ ಸುಮಾರು 71. ಅಷ್ಟು ನಿಖರವಾದ ಪರೀಕ್ಷೆಯೂ ಹೀಗೆ ಮಸುಕಾಗುತ್ತದೆ.

ಈಗ ಆರಿಸಿ ಕಳಿಸಿದ 100 ಜನರನ್ನು ಲೆಕ್ಕ ಹಾಕಿ: ಮೊಟ್ಟೆ ಮೀನು ತಿನ್ನುವವರು, ನರದ ಲಕ್ಷಣ ಇರುವವರು, ಥೈರಾಯ್ಡ್ ಅಥವಾ ತೊನ್ನು ಇರುವವರು, ಇಂಜೆಕ್ಷನ್ ನಿಲ್ಲಿಸಿದ ಕೂಡಲೇ ಕುಸಿಯುವವರು. ಇವರಲ್ಲಿ 50 ಮಂದಿಗೆ ಕಾಯಿಲೆ ಇದೆ ಎನ್ನಿ. ಇಂಟ್ರಿನ್ಸಿಕ್ ಫ್ಯಾಕ್ಟರ್ ಆಂಟಿಬಾಡಿ 25 ಮಂದಿಯಲ್ಲಿ ಪಾಸಿಟಿವ್, ತಪ್ಪು ಹೆಚ್ಚೆಂದರೆ ಒಂದು. ಪೆರೈಟಲ್ ಕೂಡ 45 ಪಾಸಿಟಿವ್‌ನಲ್ಲಿ 40 ನಿಜ. ಪರೀಕ್ಷೆ ಅದೇ, ಯಂತ್ರ ಅದೇ. ಬದಲಾದದ್ದು ಕಳಿಸುವ ಮೊದಲು ಕೇಳಿದ ಪ್ರಶ್ನೆಗಳು.

ಸಸ್ಯಾಹಾರ ಹೆಚ್ಚಿರುವ ನಮ್ಮಲ್ಲಿ ಇದಕ್ಕೆ ವಿಶೇಷ ಅರ್ಥವಿದೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್‌ಗೆ ವರ್ಷಗಟ್ಟಲೆ ಪಿಪಿಐ (ಪ್ಯಾಂಟೊಪ್ರಜೋಲ್ ಜಾತಿಯ) ಮಾತ್ರೆ, ಜಠರದಲ್ಲಿ ಎಚ್. ಪೈಲೋರಿ ಬ್ಯಾಕ್ಟೀರಿಯಾದ ಸೋಂಕು, ಜಠರ ಅಥವಾ ಇಲಿಯಮ್ ಶಸ್ತ್ರಚಿಕಿತ್ಸೆ, ಇವೂ ಬಿ12 ಇಳಿಸುತ್ತವೆ. ಹಾಗೆಯೇ ಸಸ್ಯಾಹಾರಿ ಎಂಬ ಒಂದೇ ಕಾರಣಕ್ಕೆ ಪರ್ನಿಶಿಯಸ್ ಅನೀಮಿಯಾ ಇಲ್ಲ ಎನ್ನಲೂ ಆಗದು. ಸಸ್ಯಾಹಾರಿಗೂ ಆಟೋಇಮ್ಯೂನ್ ಕಾಯಿಲೆ ಬರುತ್ತದೆ. ಅವರಲ್ಲಿ ಅದು ಊಟದ ನೆಪದ ಹಿಂದೆ ಅಡಗಿ ಕೂರುತ್ತದೆ.

ಇನ್ನೊಂದು ಅಡಗುತಾಣ ಕಬ್ಬಿಣದ ಕೊರತೆ. ಜಠರದ ಆಮ್ಲ ಇಲ್ಲದೆ ಕಬ್ಬಿಣವೂ ಸರಿಯಾಗಿ ಹೀರಲಾಗುವುದಿಲ್ಲ. ಕಬ್ಬಿಣ ಕಡಿಮೆಯಾದರೆ ರಕ್ತಕಣ ಚಿಕ್ಕದು, ಬಿ12 ಕಡಿಮೆಯಾದರೆ ದೊಡ್ಡದು. ಎರಡೂ ಸೇರಿ ಎಂಸಿವಿ ‘ನಾರ್ಮಲ್’ ಆಗಿಬಿಡುತ್ತದೆ. ಎಷ್ಟು ಕಬ್ಬಿಣದ ಮಾತ್ರೆ ಕೊಟ್ಟರೂ ಹಿಮೋಗ್ಲೋಬಿನ್ ಏರದ ಹೆಂಗಸರಲ್ಲಿ ಜಠರದ ಕಡೆ ಒಮ್ಮೆ ನೋಡಲೇಬೇಕು.

ವರದಿ ಕೈಗೆ ಬಂದ ಮೇಲೆ

ವರದಿಯಲ್ಲಿ ಪಾಸಿಟಿವ್, ನೆಗೆಟಿವ್ ಜೊತೆ ಒಂದು ಸಂಖ್ಯೆ ಇರಬಹುದು. ಪ್ರತಿ ಕಂಪನಿಯ ಕಿಟ್‌ಗೆ ಅದರದೇ ಅಳತೆ, ಅದರದೇ ಗಡಿ. ಒಂದು ಲ್ಯಾಬಿನ 25ನ್ನು ಇನ್ನೊಂದರ 3ರ ಜೊತೆ ಹೋಲಿಸಬೇಡಿ, ಪಕ್ಕದಲ್ಲೇ ಮುದ್ರಿಸಿರುವ ಗಡಿಯನ್ನು ನೋಡಿ. ‘ಅನಿಶ್ಚಿತ’ ಎಂಬ ನಡುವಿನ ಫಲಿತಾಂಶ ಬಂದರೆ ಕೆಲವು ವಾರ ಬಿಟ್ಟು ಬೇರೆ ವಿಧಾನದಲ್ಲಿ ಮತ್ತೊಮ್ಮೆ ಮಾಡಿಸುವುದು ಒಳ್ಳೆಯದು.

ಖಚಿತವಾದರೆ ಬಿ12 ಚಿಕಿತ್ಸೆ ಜೀವನಪೂರ್ತಿ. ಸಾಮಾನ್ಯವಾಗಿ 1000 ಮೈಕ್ರೋಗ್ರಾಂ ಇಂಜೆಕ್ಷನ್, ಮೊದಮೊದಲು ಒತ್ತೊತ್ತಾಗಿ, ಆಮೇಲೆ ಅಂತರ ಬಿಟ್ಟು. ಕೆಲವರಿಗೆ ದಿನಕ್ಕೆ 1000 ಮೈಕ್ರೋಗ್ರಾಂ ಮಾತ್ರೆಯಲ್ಲೇ ಡಾಕ್ಟರು ನಿಭಾಯಿಸುತ್ತಾರೆ: ಪೋಷಕನಿಲ್ಲದೆ ನುಸುಳುವ ಆ ನೂರರ ಒಂದು ಪಾಲು ಇಲ್ಲಿ 10 ಮೈಕ್ರೋಗ್ರಾಂ ಆಗುತ್ತದೆ, ದಿನದ ಅಗತ್ಯಕ್ಕೆ ಅದು ಸಾಕು. ಬಿ12 ಸಂಖ್ಯೆ 900 ಆಯಿತೆಂದು ಚಿಕಿತ್ಸೆ ನಿಲ್ಲಿಸುವುದೇ ಈ ಕಾಯಿಲೆಯಲ್ಲಿ ಮತ್ತೆ ಮತ್ತೆ ಆಗುವ ಎಡವಟ್ಟು. ಸಂಖ್ಯೆ ಏರಿರುವುದು ಇಂಜೆಕ್ಷನ್ನಿನಿಂದ, ಜಠರ ವಾಸಿಯಾದದ್ದರಿಂದ ಅಲ್ಲ.

ಆಂಟಿಬಾಡಿ ಪರೀಕ್ಷೆಯನ್ನು ಪದೇಪದೇ ಮಾಡಿಸುವ ಅಗತ್ಯವಿಲ್ಲ. ಚಿಕಿತ್ಸೆಯಿಂದ ಅದು ಇಳಿಯಬೇಕೆಂದೇನಿಲ್ಲ, ಇಳಿದರೂ ಗುಣವಾಯಿತೆಂದು ಅರ್ಥವಲ್ಲ. ಆ ಹಣವನ್ನು ಥೈರಾಯ್ಡ್, ಸಕ್ಕರೆ, ಕಬ್ಬಿಣದ ಪರೀಕ್ಷೆಗೆ ಇಟ್ಟುಕೊಳ್ಳುವುದು ಮೇಲು, ಏಕೆಂದರೆ ಆಟೋಇಮ್ಯೂನ್ ಕಾಯಿಲೆಗಳು ಜೊತೆಜೊತೆಯಾಗಿ ಬರುತ್ತವೆ. ಸವೆದ ಜಠರದಲ್ಲಿ ಗಡ್ಡೆಗಳ ಸಾಧ್ಯತೆ ಸಾಮಾನ್ಯರಿಗಿಂತ ಹೆಚ್ಚಿರುವುದರಿಂದ ಎಂಡೋಸ್ಕೋಪಿಯ ವಿಷಯವನ್ನು ಹೊಟ್ಟೆಯ ತಜ್ಞರ ಬಳಿ ಮಾತಾಡಬೇಕು. ಅಕ್ಕ ತಂಗಿ, ಅಣ್ಣ ತಮ್ಮಂದಿರಲ್ಲಿ ಯಾರಿಗಾದರೂ ಕಾರಣವಿಲ್ಲದ ಸುಸ್ತು, ಜೋಮು ಇದ್ದರೆ ಅವರಿಗೂ ತಿಳಿಸಿ.

ಮೂಲ ವರದಿಯ ಪ್ರತಿಯನ್ನು ಜೋಪಾನವಾಗಿಡಿ. ಅದರ ಅಂಚಿನಲ್ಲಿ, ರಕ್ತ ಕೊಟ್ಟ ದಿನಾಂಕದ ಪಕ್ಕದಲ್ಲಿ, ಅದಕ್ಕೆ ಮೊದಲಿನ ಕೊನೆಯ ಬಿ12 ಇಂಜೆಕ್ಷನ್ ಎಂದು ಆಗಿತ್ತು ಎಂಬುದನ್ನೂ ಪೆನ್ನಿನಲ್ಲಿ ಬರೆದಿಡಿ. ಹತ್ತು ವರ್ಷ ಬಿಟ್ಟು ಇನ್ನೊಂದು ಊರಿನಲ್ಲಿ ಇನ್ನೊಬ್ಬ ಡಾಕ್ಟರು ‘ಈ ಇಂಜೆಕ್ಷನ್ ಇನ್ನೂ ಏಕೆ?’ ಎಂದು ಕೇಳಿದಾಗ ಆ ಒಂದು ಹಾಳೆಯೇ ಉತ್ತರ ಕೊಡುತ್ತದೆ.